ಅಮೆರಿಕದ ಯಾವ ರಾಜ್ಯ ತಲೆಗೆ ಎಷ್ಟು ಫೆಡರಲ್ ತೆರಿಗೆ ಕಟ್ಟುತ್ತದೆ? ತಪ್ಪಿಲ್ಲದೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ನೋಡಲು ಇದು ತುಂಬಾ ಸುಲಭದ ಲೆಕ್ಕ. ರಾಜ್ಯದಿಂದ ಕೇಂದ್ರ ಸರ್ಕಾರಕ್ಕೆ ಬಂದ ತೆರಿಗೆಯನ್ನು (ಅಲ್ಲಿ ಇದಕ್ಕೇ ಫೆಡರಲ್ ತೆರಿಗೆ ಎನ್ನುತ್ತಾರೆ) ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು, ಅಲ್ವಾ? ಹಾಗೆಂದುಕೊಂಡು ಹೊರಟವರು ಹೆಚ್ಚುಕಡಿಮೆ ಒಂದೇ ಪಟ್ಟಿಗೆ ಬಂದು ನಿಲ್ಲುತ್ತಾರೆ. ತುದಿಯಲ್ಲಿ ವಾಷಿಂಗ್ಟನ್ ಡಿ.ಸಿ., ಅದರ ಕೆಳಗಿನ ಸಾಲುಗಳಲ್ಲಿ ಡೆಲಾವೇರ್, ಮಿನ್ನೆಸೋಟದಂಥ ಹೆಸರುಗಳು. ಆಮೇಲೆ "ಮಿನ್ನೆಸೋಟದ ಜನ ಅಷ್ಟೊಂದು ಶ್ರೀಮಂತರಾ?" ಎಂಬ ಚರ್ಚೆ ಶುರು.

ಆ ಪಟ್ಟಿಯ ಅಂಕಿಗಳು ಸುಳ್ಳಲ್ಲ. ಅವು ಉತ್ತರ ಕೊಡುತ್ತಿರುವ ಪ್ರಶ್ನೆ ಮಾತ್ರ ಬೇರೆ. ಹಣ ಯಾವ ವಿಳಾಸದಿಂದ ಬಂತು ಎಂದು ಅವು ಹೇಳುತ್ತವೆ, ಯಾರ ಜೇಬಿನಿಂದ ಬಂತು ಎಂದಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಪಕ್ಕಪಕ್ಕ ಇಡುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ವಿಷಯ. ಹಂತಗಳ ಕ್ರಮ ಬದಲಿಸಬೇಡಿ. ಹೆಚ್ಚಿನ ತಪ್ಪುಗಳು ಆಗುವುದು ಮೊದಲ ಹಂತವನ್ನು ಬಿಟ್ಟು ಸೀದಾ ಭಾಗಾಕಾರಕ್ಕೆ ಹಾರುವುದರಿಂದ.

## ಕೈಗೆ ಬೇಕಾದ ಕಡತಗಳು

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಕೋಡಿಂಗ್ ಬರಬೇಕಿಲ್ಲ. ಕಡತಗಳೆಲ್ಲ ಅಮೆರಿಕ ಸರ್ಕಾರದವು, ಉಚಿತವಾಗಿ ಸಿಗುತ್ತವೆ.

- ಐಆರ್‌ಎಸ್ ಡೇಟಾ ಬುಕ್. ಇದು ಅಲ್ಲಿನ ತೆರಿಗೆ ಇಲಾಖೆಯ ವಾರ್ಷಿಕ ಅಂಕಿಅಂಶ ಪುಸ್ತಕ. ನಮಗೆ ಬೇಕಾದದ್ದು ತೆರಿಗೆಯ ಬಗೆ ಮತ್ತು ರಾಜ್ಯದ ಪ್ರಕಾರ ಒಟ್ಟು ವಸೂಲಿ ತೋರಿಸುವ ಕೋಷ್ಟಕ. ಇತ್ತೀಚಿನ ಆವೃತ್ತಿಗಳಲ್ಲಿ ಅದು 5ನೇ ಕೋಷ್ಟಕ. ಅದೇ ಪುಸ್ತಕದ ರಿಫಂಡ್ ಕೋಷ್ಟಕವನ್ನೂ ಇಳಿಸಿಕೊಳ್ಳಿ.
- ಐಆರ್‌ಎಸ್‌ನ ಸ್ಟ್ಯಾಟಿಸ್ಟಿಕ್ಸ್ ಆಫ್ ಇನ್‌ಕಮ್ ವಿಭಾಗದ ಹಿಸ್ಟಾರಿಕ್ ಟೇಬಲ್ 2. ಇದು ಜನ ಸಲ್ಲಿಸಿದ ರಿಟರ್ನ್‌ಗಳ ರಾಜ್ಯವಾರು ಸಾರ.
- ಸೆನ್ಸಸ್ ಬ್ಯೂರೋ ಪ್ರತಿ ವರ್ಷ ಕೊಡುವ, ಜುಲೈ 1ಕ್ಕೆ ಅನ್ವಯಿಸುವ ರಾಜ್ಯವಾರು ಜನಸಂಖ್ಯೆ ಅಂದಾಜು.
- ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ ವ್ಯವಸ್ಥೆ) ಆಡಳಿತದ ರಾಜ್ಯ ಮತ್ತು ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಗಳಿಕೆಯ ಅಂಕಿಅಂಶ. ಪೇರೋಲ್ ತೆರಿಗೆಗೆ, ಅಂದರೆ ಸಂಬಳದ ಮೇಲೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ (ವಯಸ್ಸಾದವರ ಆರೋಗ್ಯ ವಿಮೆ) ಕಟ್ಟುವ ತೆರಿಗೆಗೆ, ಇದು ಬೇಕು.

ಇಲ್ಲೇ ಒಂದು ಎಚ್ಚರಿಕೆ. ಸೆನ್ಸಸ್ ಬ್ಯೂರೋ "ರಾಜ್ಯ ತೆರಿಗೆ ವಸೂಲಿ" ಎಂಬ ಇನ್ನೊಂದು ಕಡತವನ್ನೂ ಹಾಕುತ್ತದೆ. ಅದು ರಾಜ್ಯ ಸರ್ಕಾರಗಳು ತಮಗಾಗಿ ವಸೂಲಿ ಮಾಡುವ ತೆರಿಗೆ. ಟೆಕ್ಸಸ್, ಫ್ಲೋರಿಡಾದಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಹಾಗಾಗಿ ಆ ಕಡತ ಹಿಡಿದುಕೊಂಡರೆ ಅವು ಕಡಿಮೆ ತೆರಿಗೆ ಕಟ್ಟುವ ರಾಜ್ಯಗಳಂತೆ ಕಾಣುತ್ತವೆ. ಫೆಡರಲ್ ತೆರಿಗೆಯ ಮಾತೇ ಬೇರೆ, ಅದನ್ನು ಎಲ್ಲ 50 ರಾಜ್ಯದವರೂ ಒಂದೇ ದರದಲ್ಲಿ ಕಟ್ಟುತ್ತಾರೆ.

## ಹಂತ 1: ಪ್ರಶ್ನೆಯನ್ನು ಬಿಡಿಸಿ ಬರೆದುಕೊಳ್ಳಿ

"ಯಾವ ರಾಜ್ಯ ಹೆಚ್ಚು ಕೊಡುತ್ತದೆ" ಎಂಬುದರೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ.

ಒಂದು, ಯಾವ ರಾಜ್ಯದ ವಿಳಾಸಗಳಿಂದ ಐಆರ್‌ಎಸ್‌ಗೆ ಎಷ್ಟು ಹಣ ಬಂತು? ಎರಡು, ಆ ರಾಜ್ಯದಲ್ಲಿ ವಾಸವಿರುವವರು ತಮ್ಮ ಆದಾಯದ ಮೇಲೆ ಎಷ್ಟು ತೆರಿಗೆ ಕಟ್ಟಿದರು? ಮೂರು, ಕಂಪನಿ ಕಟ್ಟಿದ ತೆರಿಗೆಯನ್ನೂ ಸೇರಿಸಿ ನೋಡಿದರೆ ಕೊನೆಗೆ ಹೊರೆ ಬಿದ್ದದ್ದು ಯಾರ ಮೇಲೆ?

ಮೊದಲನೆಯದಕ್ಕೆ ಡೇಟಾ ಬುಕ್ ಒಂದೇ ಸಾಕು. ಎರಡನೆಯದಕ್ಕೆ ಹಿಸ್ಟಾರಿಕ್ ಟೇಬಲ್ 2 ಬೇಕು. ಮೂರನೆಯದಕ್ಕೆ ಯಾವ ಕಡತದಲ್ಲೂ ಸಿದ್ಧ ಉತ್ತರ ಇಲ್ಲ. ಒಂದಿಷ್ಟು ಊಹೆಗಳನ್ನು ಇಟ್ಟುಕೊಂಡು ನಾವೇ ಹಂಚಬೇಕು. ನಿಮಗೆ ಬೇಕಾದದ್ದು ಯಾವುದು ಎಂದು ಹಾಳೆಯ ತಲೆಯಲ್ಲೇ ಬರೆದಿಡಿ. ಜನ ಸಾಮಾನ್ಯವಾಗಿ ಕೇಳುವುದು ಎರಡನೆಯ ಪ್ರಶ್ನೆ. ಅವರಿಗೆ ಸಿಗುವುದು ಮೊದಲನೆಯದರ ಉತ್ತರ.

## ಹಂತ 2: ವರ್ಷಗಳನ್ನು ಹೊಂದಿಸಿ

ಇಲ್ಲಿ ಮೂರು ಬಗೆಯ ವರ್ಷ ಬರುತ್ತವೆ. ಡೇಟಾ ಬುಕ್‌ನದು ಫೆಡರಲ್ ಹಣಕಾಸು ವರ್ಷ. 2023 ಎಂದರೆ 2022ರ ಅಕ್ಟೋಬರ್ 1ರಿಂದ 2023ರ ಸೆಪ್ಟೆಂಬರ್ 30ರವರೆಗೆ. ಹಿಸ್ಟಾರಿಕ್ ಟೇಬಲ್ 2ರದು ತೆರಿಗೆ ವರ್ಷ, ಅಂದರೆ ಆದಾಯ ಬಂದ ಕ್ಯಾಲೆಂಡರ್ ವರ್ಷ. 2021ರ ತೆರಿಗೆ ವರ್ಷದ ರಿಟರ್ನ್‌ಗಳು ಸಲ್ಲಿಕೆಯಾದದ್ದು 2022ರಲ್ಲಿ. ಜನಸಂಖ್ಯೆ ಜುಲೈ 1ರದು.

ಡೇಟಾ ಬುಕ್‌ನ 2023ಕ್ಕೆ 2023ರ ಜುಲೈ ಜನಸಂಖ್ಯೆ ಹಾಕಿ. 2021ರ ತೆರಿಗೆ ವರ್ಷಕ್ಕೆ 2021ರ ಜುಲೈ ಜನಸಂಖ್ಯೆ ಹಾಕಿ. 2020ರ ಜನಗಣತಿಯ ಅಂಕಿಯನ್ನೇ ಎಲ್ಲ ವರ್ಷಕ್ಕೂ ಬಳಸಿದರೆ ಟೆಕ್ಸಸ್, ಫ್ಲೋರಿಡಾದಂಥ ಬೇಗ ಬೆಳೆಯುವ ರಾಜ್ಯಗಳು ಇರುವುದಕ್ಕಿಂತ ಮೇಲೆ ಕಾಣುತ್ತವೆ.

ಜನಸಂಖ್ಯೆಯ ಕಡತದಲ್ಲಿ ಇನ್ನೊಂದು ತೊಡಕಿದೆ. ಪ್ರತಿ ಹೊಸ ಬಿಡುಗಡೆಯಲ್ಲಿ ಹಳೆಯ ವರ್ಷಗಳೂ ತಿದ್ದುಪಡಿಯಾಗುತ್ತವೆ. 2023ರ ಜುಲೈ 1ರ ಇಡೀ ದೇಶದ ಜನಸಂಖ್ಯೆ 2023ರ ಸರಣಿಯಲ್ಲಿ ಸುಮಾರು 33.49 ಕೋಟಿ ಇತ್ತು. 2024ರ ಸರಣಿಯಲ್ಲಿ ಅದೇ ದಿನಕ್ಕೆ 33.68 ಕೋಟಿ ಆಯಿತು. ವಲಸೆ ಬಂದವರನ್ನು ಅಂದಾಜು ಮಾಡುವ ವಿಧಾನ ಬದಲಾಗಿದ್ದೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಎಲ್ಲ ವರ್ಷಗಳನ್ನೂ ಒಂದೇ ಸರಣಿಯಿಂದ ತೆಗೆದುಕೊಳ್ಳಿ. ಅರ್ಧ ಹಳೆಯದು ಅರ್ಧ ಹೊಸದು ಬೇಡ.

## ಹಂತ 3: ಕಡತ ಶುಚಿ ಮಾಡಿ

ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದೆ ಎಲ್ಲವೂ ಕೆಡುತ್ತದೆ.

ಮೊದಲನೆಯದು, ಸೆನ್ಸಸ್ ಕಡತದಲ್ಲಿ ಪ್ರತಿ ರಾಜ್ಯದ ಹೆಸರಿನ ಮುಂದೆ ಒಂದು ಚುಕ್ಕಿ ಇರುತ್ತದೆ. ಅದನ್ನು ತೆಗೆಯದೆ ವಿಲುಕಪ್ (ಹೆಸರು ಹೊಂದಿಸಿ ಬೇರೆ ಹಾಳೆಯಿಂದ ಅಂಕಿ ತರುವ ಸೂತ್ರ) ಹಾಕಿದರೆ ಒಂದು ಹೆಸರೂ ಹೊಂದುವುದಿಲ್ಲ. ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ಹೆಸರಿನ ಕಾಲಂ ಮಾತ್ರ ಆರಿಸಿಕೊಂಡು ಚುಕ್ಕಿ ಅಳಿಸಿ. ಇಡೀ ಹಾಳೆ ಆರಿಸಿದರೆ ದಶಮಾಂಶ ಚುಕ್ಕಿಗಳೂ ಹೋಗಿಬಿಡುತ್ತವೆ. ಐಆರ್‌ಎಸ್ ಕಡತದಲ್ಲಿ ಕೆಲವು ಹೆಸರುಗಳ ಪಕ್ಕ ಅಡಿಟಿಪ್ಪಣಿಯ ಅಂಕಿ ಅಂಟಿಕೊಂಡಿರುತ್ತದೆ. ಅದನ್ನೂ ತೆಗೆಯಿರಿ.

ಎರಡನೆಯದು, 50 ರಾಜ್ಯ ಮತ್ತು ಡಿ.ಸಿ. ಬಿಟ್ಟು ಉಳಿದ ಸಾಲುಗಳನ್ನು ಬೇರೆ ಮಾಡಿ. ಪೋರ್ಟೊ ರಿಕೊ, ಇತರ ಪ್ರಾಂತ್ಯಗಳು, ವಿದೇಶ, ಯಾವ ರಾಜ್ಯಕ್ಕೂ ಹಂಚದ ಮೊತ್ತ, ಹೀಗೆ ಕೆಳಗೆ ಒಂದಿಷ್ಟು ಸಾಲುಗಳಿವೆ. ಅಳಿಸಬೇಡಿ, ಪಕ್ಕಕ್ಕಿಡಿ. ಒಟ್ಟು ತಾಳೆ ನೋಡುವಾಗ ಬೇಕಾಗುತ್ತವೆ. ಪೋರ್ಟೊ ರಿಕೊದಲ್ಲೇ ಗಳಿಸಿದ ಆದಾಯದ ಮೇಲೆ ಅಲ್ಲಿನ ನಿವಾಸಿಗಳು ಸಾಮಾನ್ಯವಾಗಿ ಫೆಡರಲ್ ಆದಾಯ ತೆರಿಗೆ ಕಟ್ಟುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಮಾತ್ರ ಕಟ್ಟುತ್ತಾರೆ. ಅದನ್ನು 51ನೇ ರಾಜ್ಯದಂತೆ ಪಟ್ಟಿಗೆ ಸೇರಿಸಿದರೆ ಹೋಲಿಕೆಯೇ ಕೆಡುತ್ತದೆ.

ಮೂರನೆಯದು, ಹಿಸ್ಟಾರಿಕ್ ಟೇಬಲ್ 2ರಲ್ಲಿ ಪ್ರತಿ ರಾಜ್ಯಕ್ಕೂ ಒಂದು "ಎಲ್ಲ ರಿಟರ್ನ್" ಮೊತ್ತ ಇರುತ್ತದೆ, ಅದರ ಜೊತೆಗೆ ಆದಾಯದ ವರ್ಗವಾರು ಮೊತ್ತಗಳೂ ಇರುತ್ತವೆ. ಎಲ್ಲವನ್ನೂ ಕೂಡಿಸಿದರೆ ತೆರಿಗೆ ಸರಿಯಾಗಿ ದುಪ್ಪಟ್ಟಾಗುತ್ತದೆ. ಒಟ್ಟಿನ ಸಾಲನ್ನು ಮಾತ್ರ ಇಟ್ಟುಕೊಳ್ಳಿ.

ಪಿಡಿಎಫ್‌ನಿಂದ ಕಾಪಿ ಮಾಡಬೇಡಿ. ಎಕ್ಸೆಲ್ ಕಡತವೇ ಸಿಗುತ್ತದೆ.

## ಹಂತ 4: ಮೊದಲ ಭಾಗಾಕಾರ

ಎರಡೂ ಐಆರ್‌ಎಸ್ ಕಡತಗಳಲ್ಲಿ ಹಣ ಇರುವುದು ಸಾವಿರ ಡಾಲರ್‌ಗಳಲ್ಲಿ. ಆದ್ದರಿಂದ ಸೂತ್ರ ಹೀಗೆ: ವಸೂಲಿಯನ್ನು 1000ದಿಂದ ಗುಣಿಸಿ, ಜನಸಂಖ್ಯೆಯಿಂದ ಭಾಗಿಸಿ.

ಅಭ್ಯಾಸಕ್ಕೆ ಒಂದು ಕಾಲ್ಪನಿಕ ಮೊತ್ತ ತೆಗೆದುಕೊಳ್ಳೋಣ. ಒಂದು ರಾಜ್ಯದ ಸಾಲಿನಲ್ಲಿ 10,00,00,000 ಎಂದಿದೆ ಅಂದುಕೊಳ್ಳಿ. ಇದು ಸಾವಿರದ ಲೆಕ್ಕ, ಅಂದರೆ 10,000 ಕೋಟಿ ಡಾಲರ್. ಜನಸಂಖ್ಯೆಗೆ ಮಿನ್ನೆಸೋಟದ 2020ರ ಗಣತಿ ಅಂಕಿ 57,06,494 ಹಾಕಿದರೆ ತಲೆಗೆ ಸುಮಾರು 17,524 ಡಾಲರ್ ಬರುತ್ತದೆ. ಗುಣಿಸುವುದು ಮರೆತರೆ 17 ಡಾಲರ್ ಚಿಲ್ಲರೆ ಬರುತ್ತದೆ. ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದೇ ಹೋಗುವುದು ಮಿಲಿಯನ್, ಬಿಲಿಯನ್‌ಗಳನ್ನು ನಮ್ಮ ಲಕ್ಷ, ಕೋಟಿಗೆ ತಿರುಗಿಸುವಾಗಿನ ತಪ್ಪು. 1 ಬಿಲಿಯನ್ ಎಂದರೆ 100 ಕೋಟಿ, 1 ಟ್ರಿಲಿಯನ್ ಎಂದರೆ 1 ಲಕ್ಷ ಕೋಟಿ. ಹಾಳೆಯೊಳಗೆ ಇಡೀ ಡಾಲರ್‌ನಲ್ಲೇ ಇಟ್ಟುಕೊಂಡು, ಬರೆಯುವಾಗ ಮಾತ್ರ ತಿರುಗಿಸುವುದು ಒಳ್ಳೆಯದು.

ಈಗ ಇಡೀ ದೇಶದ ತಾಳೆ ನೋಡಿ. 2023ರ ಹಣಕಾಸು ವರ್ಷದಲ್ಲಿ ಐಆರ್‌ಎಸ್ ವಸೂಲಿ ಮಾಡಿದ್ದು ಸುಮಾರು 4.7 ಲಕ್ಷ ಕೋಟಿ ಡಾಲರ್. ಜನಸಂಖ್ಯೆ ಹತ್ತಿರ ಹತ್ತಿರ 33.5 ಕೋಟಿ. ತಲೆಗೆ ಸುಮಾರು 14,000 ಡಾಲರ್. ನಿಮ್ಮ ಹಾಳೆಯ ರಾಷ್ಟ್ರೀಯ ಸರಾಸರಿ ಇದರ ಆಸುಪಾಸಿನಲ್ಲಿ ಇಲ್ಲದಿದ್ದರೆ ಮುಂದೆ ಹೋಗಬೇಡಿ. ಹಿಂದಿನ ಹಂತಕ್ಕೆ ಮರಳಿ.

ಇದು ರಿಫಂಡ್ ಕಳೆಯುವ ಮೊದಲಿನ ಮೊತ್ತ ಎಂಬುದು ನೆನಪಿರಲಿ. ಆ ವರ್ಷ ಸುಮಾರು 65,900 ಕೋಟಿ ಡಾಲರ್ ರಿಫಂಡ್ ಹೋಗಿದೆ, ಅಂದರೆ ವಸೂಲಿಯ ಸುಮಾರು 14%. ಕಳೆಯಬೇಕೇ? ನನ್ನ ಅಭಿಪ್ರಾಯದಲ್ಲಿ ಕಳೆಯದ್ದು, ಕಳೆದದ್ದು ಎರಡೂ ಕಾಲಂ ಇರಲಿ. ರಿಫಂಡ್‌ನಲ್ಲಿ ಹೆಚ್ಚು ಕಟ್ಟಿದ ತೆರಿಗೆ ವಾಪಸ್ ಬಂದದ್ದು ಮಾತ್ರ ಇರುವುದಿಲ್ಲ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಕ್ರೆಡಿಟ್‌ಗಳೂ (ತೆರಿಗೆಯಲ್ಲಿ ಸಿಗುವ ರಿಯಾಯಿತಿ ಹಣ) ಸೇರಿರುತ್ತವೆ. 2020 ಮತ್ತು 2021ರಲ್ಲಿ ಕೋವಿಡ್ ಪರಿಹಾರದ ಹಣವೂ ಇದೇ ದಾರಿಯಲ್ಲಿ ಹೋಯಿತು. ಆ ಎರಡು ವರ್ಷಗಳನ್ನು ಸುಮ್ನೆ ಬಿಟ್ಟುಬಿಡುವುದೇ ಜಾಣತನ.

## ಹಂತ 5: ವಿಳಾಸದ ತೊಡಕು ಅರ್ಥ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಡೇಟಾ ಬುಕ್ ತನ್ನ ಅಡಿಟಿಪ್ಪಣಿಯಲ್ಲೇ ಹೇಳಿಬಿಟ್ಟಿದೆ: ರಾಜ್ಯದ ವಿಂಗಡಣೆ ವ್ಯಕ್ತಿಯ ವಿಳಾಸದ ಮೇಲೆ, ವ್ಯಾಪಾರವಾದರೆ ಅದರ ಮುಖ್ಯ ಕಚೇರಿಯ ಮೇಲೆ ಆಗುತ್ತದೆ. ಸಂಬಳದಲ್ಲಿ ಹಿಡಿದ ತೆರಿಗೆ ಉದ್ಯೋಗದಾತರ ವಿಳಾಸಕ್ಕೆ ಲೆಕ್ಕವಾಗಬಹುದು. ಉದ್ಯೋಗಿ ಇರುವುದು ಬೇರೆ ರಾಜ್ಯದಲ್ಲಿರಬಹುದು.

ಇದರ ಪರಿಣಾಮ ಎಷ್ಟು ದೊಡ್ಡದು? ಅಮೆರಿಕದ ವಸೂಲಿಯಲ್ಲಿ ಅತಿ ದೊಡ್ಡ ಪಾಲೇ ಸಂಬಳದಲ್ಲಿ ಹಿಡಿದ ಆದಾಯ ತೆರಿಗೆ ಮತ್ತು ಪೇರೋಲ್ ತೆರಿಗೆ. ಟಾರ್ಗೆಟ್ ಕಂಪನಿಗೆ 50 ರಾಜ್ಯಗಳಲ್ಲೂ ಅಂಗಡಿಗಳಿವೆ, 4 ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿದ್ದಾರೆ. ಹೆಡ್ ಆಫೀಸ್ ಮಿನಿಯಾಪೊಲಿಸ್‌ನಲ್ಲಿ. ಬೆಸ್ಟ್ ಬೈ, 3ಎಂ, ಜನರಲ್ ಮಿಲ್ಸ್, ಯುನೈಟೆಡ್‌ಹೆಲ್ತ್ ಇವೂ ಮಿನ್ನೆಸೋಟದವೇ. ಅರಿಜೋನಾದ ಅಂಗಡಿಯಲ್ಲಿ ಕೆಲಸ ಮಾಡುವವರ ಸಂಬಳದಲ್ಲಿ ಹಿಡಿದ ಹಣ ಮಿನ್ನೆಸೋಟದ ಕಾಲಂಗೆ ಬಿದ್ದರೆ, ಅದನ್ನು ಮಿನ್ನೆಸೋಟದ ಜನಸಂಖ್ಯೆಯಿಂದ ಭಾಗಿಸುವುದರಲ್ಲಿ ಅರ್ಥವಿಲ್ಲ.

ಪಕ್ಕಪಕ್ಕದ ಎರಡು ರಾಜ್ಯ ನೋಡಿದರೆ ಇದು ಇನ್ನೂ ಸ್ಪಷ್ಟ. 2020ರ ಗಣತಿಯಲ್ಲಿ ಅರ್ಕನ್ಸಾಸ್ ಜನಸಂಖ್ಯೆ 30,11,524. ಮಿಸಿಸಿಪ್ಪಿಯದು 29,61,279. ಎರಡೂ ಕಡಿಮೆ ಆದಾಯದ ರಾಜ್ಯಗಳೇ. ಆದರೂ ಡೇಟಾ ಬುಕ್‌ನಲ್ಲಿ ಅರ್ಕನ್ಸಾಸ್‌ನ ವಸೂಲಿ ಮಿಸಿಸಿಪ್ಪಿಯದಕ್ಕಿಂತ ಬಹಳ ಜಾಸ್ತಿ. ಯಾಕೆಂದರೆ ವಾಲ್‌ಮಾರ್ಟ್‌ನ ಹೆಡ್ ಆಫೀಸ್ ಅರ್ಕನ್ಸಾಸ್‌ನ ಬೆಂಟನ್‌ವಿಲ್‌ನಲ್ಲಿದೆ, ಅಮೆರಿಕದಲ್ಲೇ ಸುಮಾರು 16 ಲಕ್ಷ ಜನ ಅದರಲ್ಲಿ ಕೆಲಸ ಮಾಡುತ್ತಾರೆ. ನಿಮ್ಮ ಹಾಳೆಯಲ್ಲಿ ಮೊದಲು ನೋಡಬೇಕಾದ ಜೋಡಿ ಇದು. ಇವೆರಡರ ನಡುವೆ ದೊಡ್ಡ ಅಂತರ ಕಂಡರೆ ನೀವು ವಿಳಾಸದ ಲೆಕ್ಕ ನೋಡುತ್ತಿದ್ದೀರಿ ಎಂದರ್ಥ.

ಡಿ.ಸಿ.ಯದು ಇನ್ನೊಂದು ಬಗೆ. ಅಲ್ಲಿನ ಜನಸಂಖ್ಯೆ 2020ರಲ್ಲಿ 6,89,545 ಮಾತ್ರ. ಕೆಲಸಕ್ಕೆ ಬರುವವರಲ್ಲಿ ಬಹಳ ಮಂದಿ ಮೇರಿಲ್ಯಾಂಡ್, ವರ್ಜೀನಿಯಾದಿಂದ ದಿನವೂ ಬರುತ್ತಾರೆ. ಮೇಲಾಗಿ ಫೆಡರಲ್ ಸರ್ಕಾರವೇ ಅಲ್ಲಿ ದೊಡ್ಡ ಉದ್ಯೋಗದಾತ. ಭಾಗಾಕಾರದ ಮೇಲಿನ ಅಂಕಿ (ತೆರಿಗೆ) ಊರಿಗೆ ಬಂದು ಹೋಗುವವರದು, ಕೆಳಗಿನ ಅಂಕಿ (ಜನಸಂಖ್ಯೆ) ಊರಲ್ಲಿ ಮಲಗುವವರದು. ಡಿ.ಸಿ.ಯನ್ನು ರಾಜ್ಯಗಳ ಜೊತೆ ಶ್ರೇಯಾಂಕಕ್ಕೆ ಸೇರಿಸದೆ ಕೆಳಗೆ ಪ್ರತ್ಯೇಕವಾಗಿ ಹಾಕಿ.

ಡೆಲಾವೇರ್ ಬಗ್ಗೆ ಒಂದು ಸಿದ್ಧ ವಿವರಣೆ ಓಡಾಡುತ್ತದೆ: ಫಾರ್ಚೂನ್ 500 ಕಂಪನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ನೋಂದಣಿಯಾಗಿವೆ, ಅದಕ್ಕೇ ಅದು ಮೇಲಿದೆ ಎಂದು. ಇದನ್ನು ಹಾಗೇ ನಂಬಬೇಡಿ. ಐಆರ್‌ಎಸ್ ನೋಡುವುದು ಮುಖ್ಯ ಕಚೇರಿ ಎಲ್ಲಿದೆ ಎಂದು, ಕಂಪನಿ ಕಾಗದದ ಮೇಲೆ ಎಲ್ಲಿ ಹುಟ್ಟಿತು ಎಂದಲ್ಲ. ಆಪಲ್ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯಾದ ಕಂಪನಿ, ಗೂಗಲ್‌ನ ಒಡೆತನದ ಆಲ್ಫಾಬೆಟ್ ಡೆಲಾವೇರ್‌ನಲ್ಲಿ ನೋಂದಣಿಯಾದದ್ದು. ಆದರೂ ಎರಡರ ಮುಖ್ಯ ಕಚೇರಿಯೂ ಕ್ಯಾಲಿಫೋರ್ನಿಯಾದಲ್ಲೇ.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ಸ್ವಂತ ಅನುಭವದ ಮಾತು. ಜರ್ಸಿ ಸಿಟಿಯಲ್ಲಿ ಮನೆ, ಮ್ಯಾನ್‌ಹಟ್ಟನ್‌ನಲ್ಲಿ ಆಫೀಸು. ಪ್ರತಿ ತಿಂಗಳು ಸಂಬಳದಲ್ಲಿ ಕಡಿತವಾದ ತೆರಿಗೆ ಕಂಪನಿಯ ವಿಳಾಸದ ಜೊತೆ ಹೋಗುತ್ತದೆ. ಏಪ್ರಿಲ್‌ನಲ್ಲಿ ತುಂಬುವ 1040 ಫಾರ್ಮ್‌ನಲ್ಲಿ (ವ್ಯಕ್ತಿಗಳ ಆದಾಯ ತೆರಿಗೆ ರಿಟರ್ನ್) ಮಾತ್ರ ನ್ಯೂಜೆರ್ಸಿ ವಿಳಾಸ ಇರುತ್ತದೆ. ಮುಂದಿನ ಹಂತ ನಿಂತಿರುವುದು ಈ 1040ರ ಮೇಲೆ.

## ಹಂತ 6: ನಿವಾಸದ ಲೆಕ್ಕ ಹಾಕಿ

ಹಿಸ್ಟಾರಿಕ್ ಟೇಬಲ್ 2 ತೆರೆಯಿರಿ. ಇದರಲ್ಲಿ ರಾಜ್ಯ ನಿರ್ಧಾರವಾಗುವುದು ರಿಟರ್ನ್ ಮೇಲಿನ ವಿಳಾಸದಿಂದ. ಕೆಲವರು ತಮ್ಮ ಅಕೌಂಟೆಂಟ್ ವಿಳಾಸ ಕೊಟ್ಟಿರಬಹುದು, ಆದರೂ ಹೆಡ್ ಆಫೀಸ್ ಗೊಂದಲ ಇಲ್ಲಿ ಇಲ್ಲ.

ಕಾಲಂಗಳಿಗೆ ಸಂಕೇತಗಳಿವೆ. ಎನ್1 ಎಂದರೆ ರಿಟರ್ನ್‌ಗಳ ಸಂಖ್ಯೆ. ಎ00100 ಎಂದರೆ ಹೊಂದಾಣಿಕೆ ಮಾಡಿದ ಒಟ್ಟು ಆದಾಯ, ಅಂದರೆ ಕೆಲವು ನಿಗದಿತ ಕಡಿತಗಳನ್ನು ಕಳೆದ ಮೇಲಿನ ಆದಾಯ. ತೆರಿಗೆಗೆ ಎರಡು ಕಾಲಂಗಳಿವೆ: ಎ06500 ಕ್ರೆಡಿಟ್‌ಗಳನ್ನು ಕಳೆದ ಮೇಲಿನ ಆದಾಯ ತೆರಿಗೆ, ಎ10300 ಒಟ್ಟು ತೆರಿಗೆ ಹೊಣೆ. ಯಾವುದನ್ನು ತೆಗೆದುಕೊಳ್ಳಬೇಕು? ಎರಡನೆಯದರಲ್ಲಿ ಸ್ವಂತ ಉದ್ಯೋಗದವರ ಸೋಷಿಯಲ್ ಸೆಕ್ಯುರಿಟಿ ತೆರಿಗೆಯೂ ಸೇರಿರುತ್ತದೆ. ಮುಂದೆ ಪೇರೋಲ್ ತೆರಿಗೆಯನ್ನು ಬೇರೆಯಾಗಿ ಸೇರಿಸುವವರು ಎ06500 ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅದೇ ಹಣ ಎರಡು ಸಲ ಎಣಿಕೆಯಾಗುತ್ತದೆ.

ಎ06500ನ್ನು 1000ದಿಂದ ಗುಣಿಸಿ ಜನಸಂಖ್ಯೆಯಿಂದ ಭಾಗಿಸಿ, ಶ್ರೇಯಾಂಕ ಹಾಕಿ. ಪಟ್ಟಿಯ ಮುಖವೇ ಬದಲಾಗುವುದನ್ನು ನೋಡುತ್ತೀರಿ. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಮೇಲೇರುತ್ತವೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯ, ನ್ಯೂಜೆರ್ಸಿ ಅವುಗಳ ಸುತ್ತಮುತ್ತ ಬರುತ್ತವೆ. ಮಿನ್ನೆಸೋಟ ಇಳಿಯುತ್ತದೆ, ಅರ್ಕನ್ಸಾಸ್ ತನ್ನ ನೆರೆಯವರ ಹತ್ತಿರ ಬರುತ್ತದೆ. ತಳದಲ್ಲಿ ಮಾತ್ರ ಹೆಚ್ಚು ಬದಲಾವಣೆ ಇಲ್ಲ. ಮಿಸಿಸಿಪ್ಪಿ, ವೆಸ್ಟ್ ವರ್ಜೀನಿಯಾ ಎರಡೂ ಪಟ್ಟಿಗಳಲ್ಲಿ ಕೆಳಗೇ ಇರುತ್ತವೆ.

ರಾಜ್ಯಗಳ ನಡುವಿನ ತೆರಿಗೆಯ ಅಂತರ ಆದಾಯದ ಅಂತರಕ್ಕಿಂತ ದೊಡ್ಡದಾಗಿ ಕಂಡರೆ ಗಾಬರಿ ಬೇಡ. ಫೆಡರಲ್ ಆದಾಯ ತೆರಿಗೆ 10%ನಿಂದ 37%ವರೆಗೆ ಏರುವ ಹಂತದ ತೆರಿಗೆ. ಆದಾಯ ದುಪ್ಪಟ್ಟಾದರೆ ತೆರಿಗೆ ದುಪ್ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ವಯೋಮಿಂಗ್ ಮೇಲಕ್ಕೆ ಬಂದಿದ್ದರೂ ಅಚ್ಚರಿಪಡಬೇಡಿ. 2020ರ ಗಣತಿಯಲ್ಲಿ ಜನಸಂಖ್ಯೆ 5,76,851 ಮಾತ್ರ. ಅಲ್ಲಿನ ಟೀಟನ್ ಕೌಂಟಿಯ ತಲಾ ಆದಾಯ ಇಡೀ ದೇಶದಲ್ಲೇ ಅತಿ ಹೆಚ್ಚು. ಅಲ್ಲಿನ ಜಾಕ್ಸನ್ ಊರಿನ ಸುತ್ತ ಮನೆ ಮಾಡಿರುವ ಕೆಲವೇ ಶ್ರೀಮಂತರು ಒಂದು ವರ್ಷ ದೊಡ್ಡ ಷೇರು ಮಾರಿದರೆ ರಾಜ್ಯದ ಸರಾಸರಿಯೇ ಅಲುಗಾಡುತ್ತದೆ. ಚಿಕ್ಕ ರಾಜ್ಯಗಳಿಗೆ ಒಂದೇ ವರ್ಷದ ಅಂಕಿ ಸಾಲದು, ಮೂರು ವರ್ಷದ ಸರಾಸರಿ ತೆಗೆಯಿರಿ.

## ಹಂತ 7: ಪೇರೋಲ್ ಮತ್ತು ಕಂಪನಿ ತೆರಿಗೆ ಸೇರಿಸಿ

ಆದಾಯ ತೆರಿಗೆ ಫೆಡರಲ್ ಆದಾಯದ ಅರ್ಧದಷ್ಟು ಮಾತ್ರ. ಅಲ್ಲಿಗೇ ನಿಲ್ಲಿಸಿದರೆ "ಫೆಡರಲ್ ತೆರಿಗೆ" ಎಂಬ ಶೀರ್ಷಿಕೆ ಕೊಡಬೇಡಿ, "ಫೆಡರಲ್ ಆದಾಯ ತೆರಿಗೆ" ಎಂದೇ ಬರೆಯಿರಿ.

ಪೇರೋಲ್ ತೆರಿಗೆಗೆ ಸೋಷಿಯಲ್ ಸೆಕ್ಯುರಿಟಿ ಆಡಳಿತದ ರಾಜ್ಯವಾರು ಕಡತ ಬಳಸಿ. ಅದು ಕೆಲಸಗಾರರ ನಿವಾಸದ ಪ್ರಕಾರ ಗಳಿಕೆ ಮತ್ತು ವಂತಿಗೆ ತೋರಿಸುತ್ತದೆ. ಬ್ಯೂರೋ ಆಫ್ ಎಕನಾಮಿಕ್ ಅನಾಲಿಸಿಸ್‌ನ ಕಡತದಲ್ಲೂ ಸಾಮಾಜಿಕ ವಿಮೆ ವಂತಿಗೆ ಎಂಬ ಸಾಲಿದೆ, ಆದರೆ ಅದು ಕೆಲಸದ ಜಾಗದ ಲೆಕ್ಕ. ಅದನ್ನು ತೆಗೆದುಕೊಂಡರೆ ನ್ಯೂಜೆರ್ಸಿಯವರ ಹಣ ಮತ್ತೆ ನ್ಯೂಯಾರ್ಕ್‌ಗೆ ಸೇರಿಬಿಡುತ್ತದೆ.

ಈ ತೆರಿಗೆ ಸೇರಿಸಿದ ಕೂಡಲೇ ರಾಜ್ಯಗಳ ಅಂತರ ಕಡಿಮೆಯಾಗುತ್ತದೆ. ಸೋಷಿಯಲ್ ಸೆಕ್ಯುರಿಟಿಗೆ ಉದ್ಯೋಗಿಯಿಂದ 6.2%, ಉದ್ಯೋಗದಾತರಿಂದ 6.2%. ಅದೂ ಒಂದು ಮಿತಿಯವರೆಗೆ ಮಾತ್ರ. 2024ರಲ್ಲಿ ಆ ಮಿತಿ 1,68,600 ಡಾಲರ್. ಅದರ ಮೇಲಿನ ಸಂಬಳಕ್ಕೆ ಈ ತೆರಿಗೆ ಇಲ್ಲ. ಮೆಡಿಕೇರ್‌ನ 1.45%ಗೆ ಅಂಥ ಮಿತಿ ಇಲ್ಲ. ಹಾಗಾಗಿ ಶ್ರೀಮಂತ ರಾಜ್ಯಕ್ಕೂ ಬಡ ರಾಜ್ಯಕ್ಕೂ ಪೇರೋಲ್ ವ್ಯತ್ಯಾಸ ಆದಾಯ ತೆರಿಗೆಯಷ್ಟು ಇರುವುದಿಲ್ಲ.

ಕಂಪನಿ ತೆರಿಗೆ ಕಷ್ಟದ ಭಾಗ. ಕಂಪನಿ ಚೆಕ್ ಬರೆಯುತ್ತದೆ, ಆದರೆ ಹೊರೆ ಬೀಳುವುದು ಷೇರುದಾರರ ಮೇಲೆ, ಒಂದಿಷ್ಟು ಕೆಲಸಗಾರರ ಮೇಲೆ. ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ ತನ್ನ ವರದಿಗಳಲ್ಲಿ 75% ಹೊರೆಯನ್ನು ಬಂಡವಾಳದ ಆದಾಯಕ್ಕೆ, 25% ಅನ್ನು ದುಡಿಮೆಯ ಆದಾಯಕ್ಕೆ ಹಂಚುತ್ತದೆ. ನೀವೂ ಅದನ್ನೇ ಮಾಡಬಹುದು. ದೇಶದ ಒಟ್ಟು ಕಂಪನಿ ತೆರಿಗೆಯ ಮುಕ್ಕಾಲು ಪಾಲನ್ನು ರಾಜ್ಯವಾರು ಡಿವಿಡೆಂಡ್, ಬಡ್ಡಿ ಮತ್ತು ಬಂಡವಾಳ ಲಾಭದ ಪ್ರಮಾಣದಲ್ಲಿ ಹಂಚಿ. ಕಾಲು ಪಾಲನ್ನು ಸಂಬಳದ ಪ್ರಮಾಣದಲ್ಲಿ ಹಂಚಿ. ಬೇಕಾದ ಕಾಲಂಗಳೆಲ್ಲ ಹಿಸ್ಟಾರಿಕ್ ಟೇಬಲ್ 2ರಲ್ಲೇ ಇವೆ: ಎ00200 ಸಂಬಳ, ಎ00300 ಬಡ್ಡಿ, ಎ00600 ಡಿವಿಡೆಂಡ್, ಎ01000 ಬಂಡವಾಳ ಲಾಭ.

ಎಕ್ಸೈಸ್, ಆಮದು ಸುಂಕಗಳನ್ನು ರಾಜ್ಯಕ್ಕೆ ಹಂಚಲು ಹೋಗಬೇಡಿ. ಆಮದು ಸುಂಕ ಐಆರ್‌ಎಸ್ ಕೈಗೆ ಬರುವುದೇ ಇಲ್ಲ, ಕಸ್ಟಮ್ಸ್ ಇಲಾಖೆ ಬಂದರಿನಲ್ಲಿ ವಸೂಲಿ ಮಾಡುತ್ತದೆ. ಮದ್ಯ, ತಂಬಾಕಿನ ಫೆಡರಲ್ ತೆರಿಗೆಗೂ ಬೇರೆ ಬ್ಯೂರೋ ಇದೆ.

## ಹಂತ 8: ಯಾವ ತಲೆಗಳನ್ನು ಎಣಿಸುತ್ತೀರಿ?

ಜನಸಂಖ್ಯೆ ಎಂದರೆ ಮಕ್ಕಳು, ನಿವೃತ್ತರು, ಜೈಲಿನಲ್ಲಿರುವವರು ಎಲ್ಲರೂ ಸೇರಿ. ಯೂಟಾ ರಾಜ್ಯದಲ್ಲಿ ಮಕ್ಕಳ ಪಾಲು ದೇಶದಲ್ಲೇ ಜಾಸ್ತಿ. ಅಲ್ಲಿ ತಲೆಗೆ ಬಂದ ಅಂಕಿ ಕಡಿಮೆ, ರಿಟರ್ನ್‌ಗೆ ಬಂದ ಅಂಕಿ ಅಷ್ಟೇನೂ ಕಡಿಮೆ ಅಲ್ಲ. ಆದ್ದರಿಂದ ಎನ್1ರಿಂದ ಭಾಗಿಸಿದ ಇನ್ನೊಂದು ಕಾಲಂ ಇಡಿ. ಆದಾಯದ ಶೇಕಡಾ ಎಷ್ಟು ಎಂದು ನೋಡಲು ತೆರಿಗೆಯನ್ನು ಎ00100ರಿಂದ ಭಾಗಿಸಿ.

ಓದಲು ಬಂದ ಎಫ್-1 ವೀಸಾ ವಿದ್ಯಾರ್ಥಿಗಳೂ ಜನಸಂಖ್ಯೆಯಲ್ಲಿ ಎಣಿಕೆಯಾಗುತ್ತಾರೆ, ನಮ್ಮ ಹುಡುಗ ಹುಡುಗಿಯರೂ ಸೇರಿ. ಆದರೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅವರಿಗೆ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಇಲ್ಲ. ಎಚ್-1ಬಿ (ಕೆಲಸದ ವೀಸಾ) ಆದ ಕೂಡಲೇ ಶುರುವಾಗುತ್ತದೆ. ರಾಜ್ಯದ ಮಟ್ಟದಲ್ಲಿ ಇದು ಸಣ್ಣ ವ್ಯತ್ಯಾಸ, ಕಾಲೇಜು ಊರಿನ ಕೌಂಟಿ ಲೆಕ್ಕಕ್ಕೆ ಇಳಿದರೆ ಕಣ್ಣಿಗೆ ಬೀಳುತ್ತದೆ.

## ಹಂತ 9: ಎರಡು ಪಟ್ಟಿ ಪಕ್ಕಪಕ್ಕ ಇಡಿ

ಹಂತ 4ರ ಶ್ರೇಯಾಂಕ ಒಂದು ಕಾಲಂ, ಹಂತ 6 ಅಥವಾ 7ರದು ಇನ್ನೊಂದು ಕಾಲಂ. ಮೂರನೆಯ ಕಾಲಂನಲ್ಲಿ ಎರಡರ ವ್ಯತ್ಯಾಸ. ಹೆಚ್ಚು ಕೆಳಗಿಳಿದವು ದೊಡ್ಡ ಕಂಪನಿಗಳ ಹೆಡ್ ಆಫೀಸ್ ಇರುವ ರಾಜ್ಯಗಳು. ಮೇಲೇರಿದವು ಆ ಕಂಪನಿಗಳ ಶಾಖೆಗಳು, ಷೇರುದಾರರು, ನಿವೃತ್ತ ಶ್ರೀಮಂತರು ಇರುವ ರಾಜ್ಯಗಳು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಹೆಚ್ಚು ವಿಷಯ ಇರುವುದು ಈ ಮೂರನೆಯ ಕಾಲಂನಲ್ಲಿ.

## ಎಲ್ಲೋ ತಪ್ಪಿದೆ ಎನ್ನುವ ಸೂಚನೆಗಳು

ಕ್ಯಾಲಿಫೋರ್ನಿಯಾ ಒಂದೇ ವರ್ಷದಲ್ಲಿ ಕುಸಿದು ಮರುವರ್ಷ ಜಿಗಿದಿದೆಯಾ? 2023 ಮತ್ತು 2024 ನೋಡುತ್ತಿದ್ದರೆ ಕಾರಣ ಇದು: ಚಳಿಗಾಲದ ಬಿರುಗಾಳಿ, ನೆರೆಯಿಂದಾಗಿ ಆ ರಾಜ್ಯದ 58ರಲ್ಲಿ 55 ಕೌಂಟಿಗಳಿಗೆ ಐಆರ್‌ಎಸ್ ಗಡುವು ಮುಂದಕ್ಕೆ ಹಾಕಿತು. ಏಪ್ರಿಲ್‌ನಲ್ಲಿ ಕಟ್ಟಬೇಕಾದದ್ದನ್ನು ಮೊದಲು 2023ರ ಅಕ್ಟೋಬರ್ 16ಕ್ಕೆ, ಆಮೇಲೆ ನವೆಂಬರ್ 16ಕ್ಕೆ. ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೇ ಮುಗಿಯುತ್ತದೆ. ಒಂದು ವರ್ಷದ ಹಣ ಇನ್ನೊಂದು ವರ್ಷದ ಪುಸ್ತಕಕ್ಕೆ ಹೋಯಿತು. ಅಲ್ಲಿನವರು ಬಡವರಾಗಿದ್ದೂ ಇಲ್ಲ, ಮತ್ತೆ ಶ್ರೀಮಂತರಾಗಿದ್ದೂ ಇಲ್ಲ.

2017ರಿಂದ 2018ಕ್ಕೆ ಕಂಪನಿ ತೆರಿಗೆ ಎಲ್ಲ ಕಡೆ ಬಿದ್ದಿದ್ದರೆ ಅದು ಸರಿ. ಆಗ ದರ 35%ನಿಂದ 21%ಗೆ ಇಳಿಯಿತು. ಅದೇ ಕಾನೂನು ರಾಜ್ಯ ಮತ್ತು ಸ್ಥಳೀಯ ತೆರಿಗೆಯ ಕಡಿತಕ್ಕೆ 10,000 ಡಾಲರ್ ಮಿತಿ ಹಾಕಿತು. ಇದರ ಪೆಟ್ಟು ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಂಥ ಹೆಚ್ಚು ತೆರಿಗೆಯ ರಾಜ್ಯದವರಿಗೆ ಜಾಸ್ತಿ ಬಿತ್ತು. 2018ರ ಹಿಂದಿನ, ಮುಂದಿನ ವರ್ಷಗಳನ್ನು ಒಂದೇ ಗೆರೆಯಲ್ಲಿ ಹೋಲಿಸಬೇಡಿ.

ರಾಜ್ಯಗಳ ಮೊತ್ತ ಕೂಡಿಸಿದಾಗ ದೇಶದ ಒಟ್ಟಿಗಿಂತ ಜಾಸ್ತಿ ಬಂದರೆ ಯಾವುದೋ ಸಾಲು ಎರಡು ಸಲ ಸೇರಿದೆ. ಸ್ವಲ್ಪ ಕಡಿಮೆ ಬಂದರೆ ಹಂತ 3ರಲ್ಲಿ ಪಕ್ಕಕ್ಕಿಟ್ಟ ಸಾಲುಗಳಲ್ಲಿ ಹುಡುಕಿ.

## ಇದೇ ಹಾಳೆಯಲ್ಲಿ ಮಾಡಬಾರದ ಕೆಲಸ

"ಕೊಟ್ಟದ್ದೆಷ್ಟು, ವಾಪಸ್ ಬಂದದ್ದೆಷ್ಟು" ಎಂಬುದು ಬೇರೆಯೇ ಲೆಕ್ಕ. ಅದಕ್ಕೆ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ, ಮೆಡಿಕೇರ್, ಮೆಡಿಕೇಡ್ (ಬಡವರ ಆರೋಗ್ಯ ವಿಮೆ), ಸೇನೆಯ ಗುತ್ತಿಗೆ ಎಲ್ಲವನ್ನೂ ರಾಜ್ಯವಾರು ಹಂಚಬೇಕು. ನ್ಯೂಯಾರ್ಕ್‌ನ ಆಲ್ಬನಿಯಲ್ಲಿರುವ ರಾಕ್‌ಫೆಲ್ಲರ್ ಇನ್‌ಸ್ಟಿಟ್ಯೂಟ್ ಆಫ್ ಗವರ್ನಮೆಂಟ್ ಈ ಕೆಲಸ ಮಾಡುತ್ತದೆ. ಕೋವಿಡ್‌ಗೆ ಮುಂಚಿನ ಅವರ ಲೆಕ್ಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಪಡೆದದ್ದಕ್ಕಿಂತ ಹೆಚ್ಚು ಕೊಟ್ಟಿವೆ. ಅವರ ಅಂಕಿಯನ್ನು ನಿಮ್ಮ ಡೇಟಾ ಬುಕ್ ಅಂಕಿಯ ಜೊತೆ ಬೆರೆಸಬೇಡಿ, ಹಂಚುವ ವಿಧಾನವೇ ಬೇರೆ.

## ಕರ್ನಾಟಕಕ್ಕೆ ಇದೇ ಲೆಕ್ಕ ಹಾಕಲು ಹೊರಟವರಿಗೆ

ಇಲ್ಲೂ ಇದೇ ತೊಡಕಿದೆ. ಕೇಂದ್ರದ ನೇರ ತೆರಿಗೆಯ ರಾಜ್ಯವಾರು ವಸೂಲಿಯಲ್ಲಿ 2023-24ರಲ್ಲಿ ಮಹಾರಾಷ್ಟ್ರ ಮೊದಲು, ಕರ್ನಾಟಕ ಎರಡನೆಯದು. ಆದರೆ ಮುಂಬೈನಲ್ಲಿ ಹೆಡ್ ಆಫೀಸ್ ಇರುವ ಬ್ಯಾಂಕಿನ ಲಾಭದಲ್ಲಿ ಹುಬ್ಬಳ್ಳಿ ಶಾಖೆಯದೂ ಪಾಲಿದೆ. ಬೆಂಗಳೂರಿನ ಕಂಪನಿಯ ಲಾಭದಲ್ಲಿ ಪುಣೆ, ಹೈದರಾಬಾದ್ ಕಚೇರಿಗಳದ್ದೂ ಇದೆ. ಹಿಸ್ಟಾರಿಕ್ ಟೇಬಲ್ 2ರಷ್ಟು ಅನುಕೂಲದ ಕಡತ ನಮ್ಮಲ್ಲಿ ಇಲ್ಲದ ಕಾರಣ ಹಂತ 6ನ್ನು ಹಾಗೇ ಮಾಡಲು ಆಗುವುದಿಲ್ಲ. ಜನಸಂಖ್ಯೆಗೂ ತೊಂದರೆ ಇದೆ. ಈಗಿನ ತೆರಿಗೆಯನ್ನು 2011ರ ಗಣತಿಯ 6,10,95,297ರಿಂದ ಭಾಗಿಸಿದರೆ ತಲಾ ಅಂಕಿ ಉಬ್ಬುತ್ತದೆ. 2020ರಲ್ಲಿ ಬಂದ, 2011ರಿಂದ 2036ರವರೆಗಿನ ಅಧಿಕೃತ ಜನಸಂಖ್ಯಾ ಮುನ್ನಂದಾಜು ಬಳಸಿ.

## ಹಂಚಿಕೊಳ್ಳುವ ಮುನ್ನ ಪಟ್ಟಿಯ ಕೆಳಗೆ ಬರೆಯಬೇಕಾದದ್ದು

ಯಾವ ಕಡತ, ಯಾವ ವರ್ಷ, ಯಾವ ಬಗೆಯ ವರ್ಷ. ರಿಫಂಡ್ ಕಳೆದದ್ದೋ ಇಲ್ಲವೋ. ರಾಜ್ಯ ನಿರ್ಧಾರವಾದದ್ದು ಯಾರ ವಿಳಾಸದಿಂದ. ಜನಸಂಖ್ಯೆ ಯಾವ ಸರಣಿಯದು. ಡಿ.ಸಿ. ಸೇರಿದೆಯೋ ಇಲ್ಲವೋ. ಕಂಪನಿ ತೆರಿಗೆ ಹಂಚಿದ್ದರೆ ಯಾವ ಪ್ರಮಾಣದಲ್ಲಿ. ನಾಲ್ಕೈದು ಸಾಲು ಸಾಕು, ಚಿತ್ರದೊಳಗೇ ಇರಲಿ. ಪಟ್ಟಿಯ ಸ್ಕ್ರೀನ್‌ಶಾಟ್ ವಾಟ್ಸ್ಆ್ಯಪ್‌ನಲ್ಲಿ ಹೋಗುವಾಗ ಕೆಳಗೆ ಬೇರೆಯಾಗಿ ಬರೆದ ಟಿಪ್ಪಣಿ ಅದರ ಜೊತೆ ಹೋಗುವುದಿಲ್ಲ.